ಹದಿನಾರು ಕೋರ್, ಓಡುತ್ತಿರುವುದು ನಾಲ್ಕೇ: ಪ್ಯಾರಲಲ್ ಬಿಲ್ಡ್‌ನ ತೊಡಕು ಹುಡುಕುವ ಬಗೆ

"ಅಕ್ಕಾ, ಹೊಸ ಮಷಿನ್ ತಗೊಂಡಿದ್ದೇ ದಂಡ ಆಯ್ತು. ಹದಿನಾರು ಕೋರ್ ತೋರಿಸ್ತಿದೆ, ಓಡ್ತಿರೋದು ನಾಲ್ಕೇ. ಶೆಡ್ಯೂಲರ್‌ದೇ ಏನೋ ತೊಂದ್ರೆ ಅನ್ಸುತ್ತೆ."

ನಮ್ಮ ತಂಡಕ್ಕೆ ಆರು ತಿಂಗಳ ಹಿಂದೆ ಸೇರಿದ ಹುಡುಗ ಒಂದು ಸಂಜೆ ಹೀಗೆ ಫೋನ್ ಮಾಡಿದ. ನಾನು ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಿಂದಲೇ ಎಂಬೆಡೆಡ್ ಲಿನಕ್ಸ್ ಕೆಲಸ ಮಾಡುತ್ತೇನೆ. ದಿನಕ್ಕೆ ನಾಲ್ಕೈದು ಸಲ ಲಿನಕ್ಸ್‌ನ ತಿರುಳಾದ ಕರ್ನಲ್ಲೋ, ಎಲ್‌ಎಲ್‌ವಿಎಂ ಎಂಬ ಕಂಪೈಲರ್ ಸಾಧನವೋ, ಬೋರ್ಡ್‌ನ ಪೂರ್ತಿ ಇಮೇಜೋ ಬಿಲ್ಡ್ ಆಗುತ್ತಲೇ, ಅಂದರೆ ಮೂಲ ಕೋಡ್‌ನಿಂದ ಓಡುವ ರೂಪಕ್ಕೆ ಬರುತ್ತಲೇ, ಇರುತ್ತದೆ. ಇದೇ ದೂರನ್ನು ಬೇರೆ ಬೇರೆ ಬಾಯಲ್ಲಿ ಬಹಳ ಸಲ ಕೇಳಿದ್ದೇನೆ, ನಾನೂ ಹೇಳಿದ್ದೇನೆ. ನಾನು ಬೆನ್ನು ಹತ್ತಿ ನೋಡಿದ ಒಂದು ಸಲವೂ ತಪ್ಪು ಶೆಡ್ಯೂಲರ್‌ದು, ಅಂದರೆ ಯಾವ ಕೆಲಸ ಯಾವ ಕೋರ್‌ಗೆ ಎಂದು ಹಂಚುವ ಕರ್ನಲ್ ಭಾಗದ್ದು, ಆಗಿರಲಿಲ್ಲ.

ನಮ್ಮ ಕಡೆ ಅಡಿಕೆ ಸುಲಿಯುವ ದಿನಗಳನ್ನು ನೆನೆಸಿಕೊಳ್ಳಿ. ಅಂಗಳದಲ್ಲಿ ಹದಿನಾರು ಜನ ಮೆಟ್ಟುಗತ್ತಿ ಇಟ್ಟುಕೊಂಡು ಕೂತಿದ್ದಾರೆ, ನಾಲ್ಕೇ ಜನರ ಕೈ ಆಡುತ್ತಿದೆ. ಇದಕ್ಕೆ ಕಾರಣ ಎರಡೇ. ತೋಟದಿಂದ ಗೊನೆ ಬಂದಿಲ್ಲ, ಮುಂದೆ ರಾಶಿಯೇ ಇಲ್ಲ. ಇಲ್ಲವೇ ರಾಶಿ ಬಿದ್ದಿದೆ, ಆದರೆ ಹನ್ನೆರಡು ಜನರನ್ನು ಯಾರೋ ಮುಟ್ಟಬೇಡಿ ಎಂದು ತಡೆದಿದ್ದಾರೆ. ಬಿಲ್ಡ್‌ನಲ್ಲೂ ಅಷ್ಟೇ. ಕೋರ್‌ಗೆ ಕೊಡಲು ಕೆಲಸ ಇಲ್ಲವೋ, ಕೆಲಸ ಇದ್ದೂ ಕೋರ್‌ಗೆ ತಡೆ ಬಿದ್ದಿದೆಯೋ ಎಂದು ಮೊದಲು ಗೊತ್ತುಮಾಡಿಕೊಳ್ಳಬೇಕು. ಅದಕ್ಕೆ ಐದು ನಿಮಿಷ ಸಾಕು. ಅದನ್ನು ಮಾಡದೆ, ಎಷ್ಟು ಕೆಲಸ ಒಟ್ಟಿಗೆ ಎಂದು ಮೇಕ್ ಎಂಬ ಬಿಲ್ಡ್ ಸಾಧನಕ್ಕೆ ಹೇಳುವ ಜೆ ಸಂಖ್ಯೆಯನ್ನು 16, 24, 32 ಎಂದು ಏರಿಸುತ್ತಾ ಹೋಗುವವರನ್ನು ಕಂಡರೆ ನನಗೆ ನಿಜವಾಗಿ ಸಂಕಟವಾಗುತ್ತದೆ.

ಆಜ್ಞೆಗಳನ್ನು ಇಲ್ಲಿ ಉಚ್ಚರಿಸುವಂತೆ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಎಂದಿನ ಹಾಗೆ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಿರಿ.

ಮೊದಲು ಅಳೆಯಿರಿ

ಪ್ರತಿ ಕೋರ್‌ನ ಬಳಕೆ ತೋರಿಸುವ ಎಚ್‌ಟಾಪ್‌ನ ಬಣ್ಣದ ಪಟ್ಟಿ ನೋಡಿ ತೀರ್ಮಾನಕ್ಕೆ ಬರಬೇಡಿ. ಬಿಲ್ಡ್ ಫೋಲ್ಡರನ್ನು ಖಾಲಿ ಮಾಡಿ, ಹಿಂದಿನ ಕಂಪೈಲ್‌ನ ಫಲ ಉಳಿಸಿಡುವ ಸಿಕ್ಯಾಶ್ ಬಳಸುತ್ತಿದ್ದರೆ ಅದನ್ನು ನಿಲ್ಲಿಸಿ, ಒಂದು ಸಲ ಪೂರ್ತಿ ಓಡಿಸಿ:

ಟೈಮ್ ಮೇಕ್ -ಜೆ16

ಇಲ್ಲಿ ಕೋರ್ ಎಣಿಸಿ ಹೇಳುವ ಎನ್‌ಪ್ರಾಕ್ ಆಜ್ಞೆ ಹಾಕದೆ 16 ಎಂದೇ ಬರೆಯಿರಿ. ಕಾರಣ ಮುಂದೆ ಬರುತ್ತದೆ. ಕೊನೆಯಲ್ಲಿ ರಿಯಲ್, ಯೂಸರ್, ಸಿಸ್ ಎಂದು ಮೂರು ಸಮಯ ಸಿಗುತ್ತವೆ. ರಿಯಲ್ ಗಡಿಯಾರದ ಹೊತ್ತು, ಉಳಿದೆರಡು ಕೋರ್‌ಗಳು ದುಡಿದ ಹೊತ್ತು. ಯೂಸರ್ ಮತ್ತು ಸಿಸ್ ಕೂಡಿಸಿ, ರಿಯಲ್‌ನಿಂದ ಭಾಗಿಸಿ. ಬಂದ ಸಂಖ್ಯೆಯೇ ಸರಾಸರಿ ಎಷ್ಟು ಕೋರ್ ದುಡಿದವು ಎಂಬುದರ ಲೆಕ್ಕ. ಹುಡುಗನ ಮಷಿನ್‌ನಲ್ಲಿ ರಿಯಲ್ 41 ನಿಮಿಷ, ಉಳಿದೆರಡು ಸೇರಿ 152 ನಿಮಿಷ ಬಂತು. ಅಂದರೆ 3.7. ದೂರು ನಿಜ ಎಂದಾಯಿತು. ಡಾಕರ್ (ಪ್ರೋಗ್ರಾಂಗಳನ್ನು ಬೇರ್ಪಟ್ಟ ಡಬ್ಬಿಯಲ್ಲಿ ಓಡಿಸುವ ಸಾಧನ) ಒಳಗೆ ಬಿಲ್ಡ್ ಮಾಡುವವರು ಟೈಮ್ ಅನ್ನೂ ಒಳಗೇ ಹಾಕಬೇಕು. ಹೊರಗೆ ಹಾಕಿದರೆ ಡಾಕರ್ ಕ್ಲೈಂಟ್ ಬಳಸಿದ ಚೂರುಪಾರು ಸಮಯ ಮಾತ್ರ ಕಾಣುತ್ತದೆ.

ಬಿಲ್ಡ್ ಓಡುತ್ತಿರುವಾಗ ಪಕ್ಕದ ಟರ್ಮಿನಲ್‌ನಲ್ಲಿ ವಿಎಂಸ್ಟ್ಯಾಟ್ 1 ಎಂದು ಹೊಡೆಯಿರಿ. ಸೆಕೆಂಡಿಗೊಂದು ಸಾಲು ಬರುತ್ತದೆ. ಮೊದಲ ಸಾಲು ಮಷಿನ್ ಶುರುವಾದಾಗಿನಿಂದಿನ ಸರಾಸರಿ, ಅದನ್ನು ಬಿಟ್ಟುಬಿಡಿ. ಎಡತುದಿಯ ಆರ್ ಕಾಲಂ ನನಗೆ ಎಲ್ಲಕ್ಕಿಂತ ಮುಖ್ಯ. ಆ ಕ್ಷಣಕ್ಕೆ ಕೋರ್ ಮೇಲೆ ಓಡುತ್ತಿರುವ ಮತ್ತು ಓಡಲು ಸಿದ್ಧವಾಗಿ ಕಾದಿರುವ ಕೆಲಸಗಳ ಸಂಖ್ಯೆ ಅದು. ಆರ್ 16ರ ಹತ್ತಿರ ಇದ್ದೂ ಬಲಬದಿಯ ಐಡಿ, ಅಂದರೆ ಖಾಲಿ ಸಮಯ, ಶೇ 70 ಇದ್ದರೆ ರಾಶಿ ಬಿದ್ದಿದೆ, ಸುಲಿಯುವವರಿಗೆ ತಡೆ ಇದೆ. ಆರ್ ಒಂದೆರಡಕ್ಕೇ ನಿಂತು ಐಡಿ ಹೆಚ್ಚಿದ್ದರೆ ಗೊನೆಯೇ ಬಂದಿಲ್ಲ. ಆರ್ ಕಡಿಮೆ, ಅದರ ಪಕ್ಕದ ಬಿ ಹೆಚ್ಚು, ಡಬ್ಲ್ಯುಎ ಕೂಡ ಹೆಚ್ಚು ಎಂದರೆ ಕೆಲಸಗಳು ಡಿಸ್ಕ್‌ಗಾಗಿ ಕಾಯುತ್ತಿವೆ.

ಇನ್ನೊಂದು ಗುರುತು ಹೇಳಿಬಿಡುತ್ತೇನೆ. ಒಂದು ಕೋರ್ ಎರಡು ಕೆಲಸವನ್ನು ಒಟ್ಟಿಗೆ ಓಡಿಸಬಲ್ಲದಾದರೆ ಆ ಎರಡು ದಾರಿಗಳನ್ನು ಥ್ರೆಡ್ ಎನ್ನುತ್ತಾರೆ, ಎಚ್‌ಟಾಪ್ ಕೋರ್ ಎಂದು ಎಣಿಸುವುದು ಇವನ್ನೇ. ಹದಿನಾರು ಥ್ರೆಡ್‌ನ ಮಷಿನ್‌ನಲ್ಲಿ ಒಂದೇ ಕೆಲಸ ಓಡುತ್ತಿದ್ದರೆ ಒಟ್ಟು ಬಳಕೆ ಶೇ 6.25. ಆ ಒಂದು ಕೆಲಸ ಕೋರ್‌ನಿಂದ ಕೋರ್‌ಗೆ ಜಿಗಿಯುತ್ತಾ ಇರುವುದರಿಂದ ಎಚ್‌ಟಾಪ್‌ನಲ್ಲಿ ನಾಲ್ಕೈದು ಪಟ್ಟಿಗಳು ಸ್ವಲ್ಪ ಸ್ವಲ್ಪ ತುಂಬಿದಂತೆ ಕಾಣಬಹುದು. ಪಟ್ಟಿ ಎಣಿಸಬೇಡಿ. ಒಟ್ಟು ಬಳಕೆ ಶೇ 6ರ ಆಸುಪಾಸಿನಲ್ಲೇ ನಿಂತಿದೆಯೇ ಎಂದು ನೋಡಿ.

ಕೆಲಸ ಇದೆ, ಕೋರ್ ಸಿಗುತ್ತಿಲ್ಲ

ಹುಡುಗನ ಪರದೆಯ ಚಿತ್ರ ತರಿಸಿ ನೋಡಿದೆ. ಮೊದಲ ನಾಲ್ಕು ಪಟ್ಟಿ ಗಟ್ಟಿಯಾಗಿ ಶೇ 100, ಉಳಿದ ಹನ್ನೆರಡು ಸೊನ್ನೆಗೆ ಅಂಟಿಕೊಂಡಿವೆ. ಹತ್ತು ನಿಮಿಷ ಬಿಟ್ಟು ಇನ್ನೊಂದು ಚಿತ್ರ ತರಿಸಿದರೆ ಆಗಲೂ ಅದೇ ನಾಲ್ಕು. ಕೆಲಸ ಕಡಿಮೆ ಇರುವ ಬಿಲ್ಡ್‌ನಲ್ಲಿ ತುಂಬಿದ ಪಟ್ಟಿಗಳು ಜಾಗ ಬದಲಿಸುತ್ತಿರುತ್ತವೆ. ಯಾವಾಗ ನೋಡಿದರೂ ಅವೇ ಕೋರ್‌ಗಳು ಓಡುತ್ತಿದ್ದರೆ ಯಾರೋ ಗೆರೆ ಎಳೆದಿದ್ದಾರೆ ಎಂದೇ ಅರ್ಥ.

ಅದನ್ನು ಖಚಿತಪಡಿಸಿಕೊಳ್ಳಲು ಎನ್‌ಪ್ರಾಕ್ ಮತ್ತು ಎನ್‌ಪ್ರಾಕ್ --ಆಲ್ ಎರಡನ್ನೂ, ಬಿಲ್ಡ್ ಎಲ್ಲಿ ಓಡುತ್ತದೋ ಅಲ್ಲೇ ಹೊಡೆಯಿರಿ. ಮೊದಲನೆಯದು ಈ ಪ್ರೋಸೆಸ್‌ಗೆ ಅನುಮತಿ ಇರುವ ಕೋರ್‌ಗಳನ್ನು ಎಣಿಸುತ್ತದೆ, ಎರಡನೆಯದು ಮಷಿನ್‌ನಲ್ಲಿರುವ ಎಲ್ಲವನ್ನೂ. ಎರಡೂ ಬೇರೆ ಬಂದರೆ ತಡೆ ಎಲ್ಲಿದೆ ಎಂದು ಹುಡುಕಬೇಕು. /ಪ್ರಾಕ್/ಸೆಲ್ಫ್/ಸ್ಟೇಟಸ್ ಫೈಲ್‌ನಲ್ಲಿ ಸಿಪಿಯುಸ್_ಅಲೌಡ್_ಲಿಸ್ಟ್ ಎಂಬ ಸಾಲು ಯಾವ ಯಾವ ಕೋರ್ ಎಂದು ನೇರವಾಗಿ ಹೇಳುತ್ತದೆ. ಜೆ ಜಾಗದಲ್ಲಿ ಎನ್‌ಪ್ರಾಕ್ ಬೇಡ ಎಂದದ್ದು ಇದಕ್ಕೇ. ಅನುಮತಿ ನಾಲ್ಕೇ ಇದ್ದಾಗ ಅದು ತಣ್ಣಗೆ 4 ಎಂದುಬಿಡುತ್ತದೆ. ಆರ್ ಕಾಲಂನಲ್ಲೂ ನಾಲ್ಕೇ ಕಂಡು, ಕೆಲಸವೇ ಇಲ್ಲ ಎಂದು ನೀವು ದಾರಿ ತಪ್ಪುತ್ತೀರಿ.

ಹುಡುಗನ ಡಾಕರ್ ಒಳಗೆ ಸೊನ್ನೆಯಿಂದ ಮೂರು ಎಂದು ಬಂತು. ಹಳೆಯ ನಾಲ್ಕು ಕೋರ್ ಲ್ಯಾಪ್‌ಟಾಪ್‌ನ ಕಾಲದಲ್ಲಿ ಯಾರೋ ಬರೆದ ಶೆಲ್ ಸ್ಕ್ರಿಪ್ಟ್‌ನಲ್ಲಿ --ಸಿಪಿಯುಸೆಟ್-ಸಿಪಿಯುಸ್=0-3 ಎಂಬುದು ಹಾಗೇ ಉಳಿದಿತ್ತು. ಸ್ಕ್ರಿಪ್ಟ್ ಕೈಯಿಂದ ಕೈಗೆ ಬಂದಿದೆ, ಆ ಸಾಲನ್ನು ಯಾರೂ ಓದಿಲ್ಲ.

ಡಾಕರ್‌ನ --ಸಿಪಿಯುಸ್=4 ಎಂಬುದು ಬೇರೆಯೇ ಬಗೆಯದು, ಅದರ ಗುರುತೂ ಬೇರೆ. ಅಲ್ಲಿ ಕೋರ್‌ಗೆ ತಡೆ ಇಲ್ಲ, ಸಮಯಕ್ಕೆ ಪಡಿತರ. ಪ್ರತಿ 100 ಮಿಲಿಸೆಕೆಂಡಿಗೆ ಒಟ್ಟು 400 ಮಿಲಿಸೆಕೆಂಡಿನಷ್ಟು ಸಿಪಿಯು ಸಿಗುತ್ತದೆ. ಹದಿನಾರು ಕಂಪೈಲರ್ ಒಟ್ಟಿಗೆ ನುಗ್ಗಿದರೆ 25 ಮಿಲಿಸೆಕೆಂಡಿನಲ್ಲಿ ಪಡಿತರ ಮುಗಿದು, ಉಳಿದ 75 ಮಿಲಿಸೆಕೆಂಡ್ ಎಲ್ಲವೂ ನಿಂತುಬಿಡುತ್ತವೆ. ಎಚ್‌ಟಾಪ್‌ನಲ್ಲಿ ಹದಿನಾರೂ ಪಟ್ಟಿ ಕಾಲು ಭಾಗ ತುಂಬಿ, ಮೇಲೇರಲು ಆಗದೆ ಒದ್ದಾಡುವಂತೆ ಕಾಣುತ್ತದೆ. ಅಫಿನಿಟಿ ಪಟ್ಟಿ, ಅಂದರೆ ಅನುಮತಿ ಇರುವ ಕೋರ್‌ಗಳ ಪಟ್ಟಿ, ಮಾತ್ರ ಸರಿಯಾಗಿಯೇ ಇರುತ್ತದೆ. ಇದಕ್ಕೆ, ಕರ್ನಲ್ ಇಂಥ ಪಡಿತರ ಇಡುವ ಸಿಗ್ರೂಪ್‌ನ ಸಿಪಿಯು.ಮ್ಯಾಕ್ಸ್ ಫೈಲ್ ತೆರೆದು ನೋಡಬೇಕು. ಅಲ್ಲಿ 400000 100000 ಎಂದಿದ್ದರೆ ಇದೇ ಕಥೆ. ಸಿಪಿಯು.ಸ್ಟ್ಯಾಟ್‌ನಲ್ಲಿ ಎನ್ಆರ್_ಥ್ರಾಟಲ್ಡ್ ಸಂಖ್ಯೆ ಬಿಲ್ಡ್ ಓಡಿದಂತೆ ಏರುತ್ತಿದ್ದರೆ ಇನ್ನು ಅನುಮಾನವೇ ಬೇಡ. ಈ ಪಡಿತರದ ಕೋಟಾ ಏರಿಸಲು ಆಗದ ಸಿಐ ಸರ್ವರ್ (ಬಿಲ್ಡ್‌ಗಳನ್ನು ತಾನಾಗಿ ಓಡಿಸುವ ಮಷಿನ್) ಆದರೆ ಜೆ ಸಂಖ್ಯೆಯನ್ನು ಕೋಟಾಗೆ ಸರಿಯಾಗಿ ಇಳಿಸಿ. ಮೆಮೊರಿಯಾದರೂ ಉಳಿಯುತ್ತದೆ.

ಡಾಕರ್ ಇಲ್ಲದ ಮಷಿನ್‌ನಲ್ಲೂ ಇದು ಆಗಬಹುದು. ನನ್ನದೇ ಡೆಸ್ಕ್‌ಟಾಪ್‌ನಲ್ಲಿ ಒಮ್ಮೆ ಮೋಟಾರ್ ಕಂಟ್ರೋಲ್‌ನ ರಿಯಲ್‌ಟೈಮ್ ಪರೀಕ್ಷೆಗೆಂದು ಕರ್ನಲ್ ಬೂಟ್ ಸಾಲಿನಲ್ಲಿ ಐಸೋಲ್‌ಸಿಪಿಯುಸ್=12-15 ಹಾಕಿದ್ದೆ. ಪರೀಕ್ಷೆ ಮುಗಿಯಿತು, ಸಾಲು ಉಳಿಯಿತು. ಹಾಗೆ ಬೇರ್ಪಡಿಸಿದ ಕೋರ್‌ಗಳಿಗೆ ಶೆಡ್ಯೂಲರ್ ತಾನಾಗಿ ಯಾವ ಕೆಲಸವನ್ನೂ ಹಂಚುವುದಿಲ್ಲ. ತಿಂಗಳುಗಟ್ಟಲೆ ನಾಲ್ಕು ಥ್ರೆಡ್ ಸುಮ್ಮನೆ ಕೂತಿದ್ದವು. ಪ್ರತಿ ಬಿಲ್ಡ್‌ಗೂ ನಾನು ಹೆಚ್ಚು ಕಾದೆ. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ. /ಪ್ರಾಕ್/ಸಿಎಂಡಿಲೈನ್ ಒಮ್ಮೆ ಓದಿ. ಆ ಪದ ಕಂಡರೆ ಮಷಿನ್ ಬೂಟ್ ಮಾಡಿಸುವ ಗ್ರಬ್‌ನ ಸಂರಚನೆಯಿಂದ ತೆಗೆದು, ಅಪ್‌ಡೇಟ್-ಗ್ರಬ್ ಓಡಿಸಿ, ರೀಬೂಟ್ ಮಾಡಿ. ಇಂಥ ಕೋರ್‌ಗಳಲ್ಲೇ ಓಡು ಎಂದು ಕಟ್ಟುವ ಟಾಸ್ಕ್‌ಸೆಟ್ ಹಾಕಿ ತೆರೆದ ಟರ್ಮಿನಲ್‌ನಿಂದ ಬಿಲ್ಡ್ ಶುರು ಮಾಡಿದರೂ ಇದೇ ಫಲ. ಅಫಿನಿಟಿ ಮಕ್ಕಳು ಮೊಮ್ಮಕ್ಕಳವರೆಗೂ ಇಳಿದು ಹೋಗುತ್ತದೆ. ವರ್ಚುವಲ್ ಮಷಿನ್ ಬಳಸುವವರು ಅದಕ್ಕೆ ಎಷ್ಟು ಕೋರ್ ಕೊಟ್ಟಿದ್ದೀರಿ ಎಂದು ಸೆಟ್ಟಿಂಗ್ ತೆರೆದು ನೋಡಿ.

ಕೋರ್ ಇದೆ, ಕೆಲಸ ಬರುತ್ತಿಲ್ಲ

ಸ್ಕ್ರಿಪ್ಟ್‌ನ ಸಾಲು ತೆಗೆದ ಮೇಲೆ ಹುಡುಗನ ಬಿಲ್ಡ್ 27 ನಿಮಿಷಕ್ಕೆ ಇಳಿಯಿತು. ಅವನಿಗೆ ಅಷ್ಟಕ್ಕೇ ಖುಷಿ. ನನಗೆ ಸಮಾಧಾನ ಆಗಲಿಲ್ಲ, ಏಕೆಂದರೆ ಭಾಗಿಸಿ ನೋಡಿದರೆ 8 ಬರುತ್ತಿತ್ತು. ವಿಎಂಸ್ಟ್ಯಾಟ್‌ನ ಆರ್ ಕಾಲಂ 16, 16, 15, 9, 3, 1, 1, 1 ಎಂದು ಇಳಿದು ಮತ್ತೆ 16ಕ್ಕೆ ಹಾರುತ್ತಿತ್ತು. ಗರಗಸದ ಹಲ್ಲಿನ ಹಾಗೆ ಮತ್ತೆ ಮತ್ತೆ ಅದೇ. ಈ ಆಕಾರ ಕಂಡರೆ ನಾನು ನೇರ, ಏನನ್ನು ಹೇಗೆ ಕಟ್ಟಬೇಕು ಎಂದು ಮೇಕ್‌ಗೆ ಹೇಳುವ ಮೇಕ್‌ಫೈಲ್ ತೆರೆಯುತ್ತೇನೆ. ಬೋರ್ಡ್ ಜೊತೆ ಬಂದಿದ್ದ ಕೋಡ್‌ನ ಮೇಲಿನ ಹಂತದ ಮೇಕ್‌ಫೈಲ್‌ನಲ್ಲಿ ಇದ್ದದ್ದು ಇದು:

ಫಾರ್ ಡಿ ಇನ್ $(ಸಬ್‌ಡಿರ್ಸ್); ಡು $(ಮೇಕ್) -ಸಿ $$ಡಿ; ಡನ್

ಮೇಲ್ನೋಟಕ್ಕೆ ತಪ್ಪೇನೂ ಇಲ್ಲ. ಪ್ರತಿ ಫೋಲ್ಡರ್ ಒಳಗೆ ಹದಿನಾರು ಕೆಲಸ ಒಟ್ಟಿಗೆ ಓಡುತ್ತವೆ. ಆದರೆ ಶೆಲ್‌ನ ಫಾರ್ ಲೂಪ್ ಒಂದು ಫೋಲ್ಡರ್ ಪೂರ್ತಿ ಮುಗಿಯುವ ತನಕ ಮುಂದಿನದನ್ನು ಮುಟ್ಟುವುದಿಲ್ಲ. ಪ್ರತಿ ಫೋಲ್ಡರ್‌ನ ಕೊನೆಯಲ್ಲೂ ಒಂದು ದೊಡ್ಡ ಫೈಲೋ ಒಂದು ಲಿಂಕೋ (ಕಂಪೈಲ್ ಆದ ತುಂಡುಗಳ ಜೋಡಣೆ) ಮುಗಿಯಲೆಂದು ಹದಿನೈದು ಕೋರ್ ಕಾಯುತ್ತವೆ. ಅಲ್ಲಿ ಅಂಥ ಫೋಲ್ಡರ್ 22 ಇದ್ದವು. ಇದನ್ನು ಮೇಕ್‌ಗೇ ಅರ್ಥವಾಗುವ ಹಾಗೆ ಬರೆಯಬೇಕು:

.ಫೋನಿ: ಆಲ್ $(ಸಬ್‌ಡಿರ್ಸ್)
ಆಲ್: $(ಸಬ್‌ಡಿರ್ಸ್)
$(ಸಬ್‌ಡಿರ್ಸ್):
    $(ಮೇಕ್) -ಸಿ $@
ಆ್ಯಪ್ ಟೂಲ್ಸ್: ಲಿಬ್

ನಾಲ್ಕನೆಯ ಸಾಲಿನ ಮುಂದೆ ಇರಬೇಕಾದದ್ದು ಟ್ಯಾಬ್, ಖಾಲಿ ಜಾಗಗಳಲ್ಲ. ಕೊನೆಯ ಸಾಲಿನಲ್ಲಿ ಜೀವ ಇದೆ. ಆ್ಯಪ್, ಟೂಲ್ಸ್ ಎರಡಕ್ಕೂ ಲಿಬ್ ಮೊದಲು ಬೇಕು, ಉಳಿದವು ಯಾವ ಕ್ರಮದಲ್ಲಾದರೂ ನಡೆಯಲಿ ಎಂದು ಅದು ಹೇಳುತ್ತದೆ. ಫೋಲ್ಡರ್ ಹೆಸರೂ ಟಾರ್ಗೆಟ್ (ಮೇಕ್ ಕಟ್ಟಬೇಕಾದ ಗುರಿ) ಹೆಸರೂ ಒಂದೇ ಆದ್ದರಿಂದ ಫೋನಿ ಬೇಕೇ ಬೇಕು. ಇಲ್ಲದಿದ್ದರೆ ಫೋಲ್ಡರ್ ಇದೆಯಲ್ಲ, ಮಾಡುವುದೇನೂ ಇಲ್ಲ ಎಂದು ಮೇಕ್ ಸುಮ್ಮನಾಗುತ್ತದೆ. ಇನ್ನೊಂದು ಲಾಭವೂ ಇದೆ. ಆ ಫಾರ್ ಲೂಪ್‌ನಲ್ಲಿ ನಡುವಿನ ಫೋಲ್ಡರ್ ಒಂದು ವಿಫಲವಾದರೂ ಲೂಪ್ ಮುಂದುವರಿಯುತ್ತದೆ, ಈ ಬಗೆಯಲ್ಲಿ ಬಿಲ್ಡ್ ಅಲ್ಲೇ ನಿಲ್ಲುತ್ತದೆ.

ನಿಜವಾದ ಅವಲಂಬನೆಗಳನ್ನು ಹುಡುಕಿ ಬರೆಯಲು ನಮಗಿಬ್ಬರಿಗೂ ಒಂದು ಇಡೀ ದಿನ ಹಿಡಿಯಿತು. ಹಿಂದಿನವರ ಲೂಪ್ ಫೋಲ್ಡರ್‌ಗಳ ಕ್ರಮದಲ್ಲೇ ಎಲ್ಲ ಅವಲಂಬನೆಯನ್ನೂ ಅಡಗಿಸಿಟ್ಟಿತ್ತು. ಕ್ರಮ ತಪ್ಪಿದ ಕೂಡಲೇ ಹೆಡರ್ ಫೈಲ್ ಸಿಗಲಿಲ್ಲ ಎಂಬ ದೋಷಗಳು ಸಾಲುಸಾಲಾಗಿ ಬಂದವು. ಒಂದೊಂದೂ ಮೇಕ್‌ಫೈಲ್‌ನಲ್ಲಿ ಒಂದೊಂದು ಸಾಲಾಯಿತು. ಮೇಕ್‌ಫೈಲ್‌ನಲ್ಲಿ .ನಾಟ್‌ಪ್ಯಾರಲಲ್ (ಒಟ್ಟಿಗೆ ಓಡಿಸಬೇಡ) ಎಂದು ಯಾರಾದರೂ ಬರೆದಿಟ್ಟಿದ್ದರೂ ಇದೇ ಮಾತು. ಅದನ್ನು ಸುಮ್ಮನೆ ಅಳಿಸಿ ಕೈತೊಳೆದುಕೊಳ್ಳಬೇಡಿ. ಎಲ್ಲೋ ಬಿಟ್ಟುಹೋದ ಅವಲಂಬನೆಯನ್ನು ಮುಚ್ಚಲು ಹಾಕಿರುತ್ತಾರೆ. 2022ರಲ್ಲಿ ಬಂದ ಗ್ನೂ ಮೇಕ್ 4.4ರಲ್ಲಿ --ಷಫಲ್ ಎಂಬ ಆಯ್ಕೆ ಇದೆ. ಅದು ಟಾರ್ಗೆಟ್‌ಗಳ ಕ್ರಮವನ್ನು ಬೇಕೆಂದೇ ಕಲಸಿ ಓಡಿಸುತ್ತದೆ. ರಾತ್ರಿ ಹತ್ತು ಸಲ ಹಾಗೆ ಓಡಿಸಿ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಅಡಗಿರುವ ತಪ್ಪುಗಳು ಹೊರಬೀಳುತ್ತವೆ.

ಇದೇ ಜಾತಿಯ ಇನ್ನೊಂದು ತಪ್ಪು: ಒಳಗಿನ ಫೋಲ್ಡರ್‌ಗೆ ಹೋಗುವಾಗ ಡಾಲರ್ ಆವರಣದ ದೊಡ್ಡಕ್ಷರದ ಮೇಕ್ ಬದಲು ಬರೀ ಮೇಕ್ ಎಂದು ಬರೆಯುವುದು. ಜೆ16 ಎಂದರೆ ಮೇಲಿನ ಮೇಕ್ ಟೋಕನ್‌ಗಳನ್ನು ಒಂದು ಪೈಪ್‌ನಲ್ಲಿ ಇಡುತ್ತದೆ, ಒಳಗಿನ ಮೇಕ್‌ಗಳು ಅದರಿಂದ ಟೋಕನ್ ಎತ್ತಿಕೊಂಡು ಕೆಲಸ ಶುರು ಮಾಡುತ್ತವೆ. ಇದೇ ಜಾಬ್‌ಸರ್ವರ್. ಬರೀ ಮೇಕ್ ಎಂದು ಬರೆದರೆ ಒಳಗಿನದಕ್ಕೆ ಆ ಪೈಪ್ ಕೈಗೆ ಸಿಗದೆ ಒಂದೊಂದೇ ಫೈಲ್ ಕಂಪೈಲ್ ಮಾಡುತ್ತಾ ಕೂರುತ್ತದೆ. ಲಾಗ್‌ನಲ್ಲಿ "ಜಾಬ್‌ಸರ್ವರ್ ಅನ್‌ಅವೈಲಬಲ್: ಯೂಸಿಂಗ್ -ಜೆ1" ಎಂಬ ಎಚ್ಚರಿಕೆ ಹುಡುಕಿ. ಸಾವಿರಾರು ಸಾಲಿನ ನಡುವೆ ಅಡಗಿರುತ್ತದೆ. 4.4ರಿಂದ ಹೆಸರುಳ್ಳ ಪೈಪ್ ಬಂದು ಪರಿಸ್ಥಿತಿ ಸುಧಾರಿಸಿದೆ, ಆದರೆ ಉಬುಂಟು 24.04ರಲ್ಲೂ ಇರುವುದು 4.3. ಹಾಗೆಯೇ ಎನ್ವಿರಾನ್ಮೆಂಟ್‌ನ ಮೇಕ್‌ಫ್ಲ್ಯಾಗ್ಸ್‌ನಲ್ಲಿ ಹಳೆಯ -ಎಲ್ 4 ಎಂಬುದು ಉಳಿದಿದೆಯೇ ನೋಡಿ. ಲೋಡ್ (ಓಡುವ, ಕಾಯುವ ಕೆಲಸಗಳ ಸರಾಸರಿ) ನಾಲ್ಕು ದಾಟಿದರೆ ಹೊಸ ಕೆಲಸ ಶುರು ಮಾಡಬೇಡ ಎಂದು ಅದರರ್ಥ.

ಎಂಬೆಡೆಡ್ ಲಿನಕ್ಸ್ ಇಮೇಜ್ ಕಟ್ಟುವ ಯಾಕ್ಟೋ ಬಳಸುವವರಿಗೆ ಒಂದು ಮಾತು. ಬಿಬಿ_ನಂಬರ್_ಥ್ರೆಡ್ಸ್ ಎಷ್ಟು ಟಾಸ್ಕ್ ಒಟ್ಟಿಗೆ ಎಂದು ಹೇಳುತ್ತದೆ, ಪ್ಯಾರಲಲ್_ಮೇಕ್ ಪ್ರತಿ ಟಾಸ್ಕ್ ಒಳಗೆ ಎಷ್ಟು ಎಂದು. ಎರಡೂ 16 ಆದರೆ ಕೆಟ್ಟ ಗಳಿಗೆಯಲ್ಲಿ 256 ಕಂಪೈಲರ್ ಎದ್ದು ನಿಲ್ಲಬಹುದು. ಕಾನ್ಫಿಗರ್ ಹಂತಗಳ ಗಳಿಗೆಯಲ್ಲಿ ಒಂದೊಂದೂ ಒಂದೇ ಕೋರ್ ಬಳಸುತ್ತದೆ. ಅಲ್ಲಿ ಏರುಪೇರು ಇದ್ದೇ ಇರುತ್ತದೆ.

ಕೊನೆಯಲ್ಲಿ ಒಂದೇ ಕೋರ್

ಬಿಲ್ಡ್ ಶೇ 95ರ ತನಕ ಚೆನ್ನಾಗಿ ಓಡಿ, ಆಮೇಲೆ ಒಂದೇ ಕೋರ್ ಮೇಲೆ ನಿಂತರೆ, ಆ ಕ್ಷಣದಲ್ಲೇ ಎಚ್‌ಟಾಪ್‌ನಲ್ಲಿ ಎಫ್5 ಒತ್ತಿ. ಯಾರ ಮಗು ಯಾರು ಎಂದು ಮರದಂತೆ ತೋರಿಸುತ್ತದೆ, ಓಡುತ್ತಿರುವ ಆ ಒಂದೇ ಪ್ರೋಸೆಸ್‌ನ ಹೆಸರು ಸಿಗುತ್ತದೆ. ನಾನು ಊಹೆ ಮಾಡುವುದನ್ನು ಬಿಟ್ಟು ಹೀಗೆ ಹೆಸರು ನೋಡಲು ಶುರು ಮಾಡಿದ ಮೇಲೆ ಎಷ್ಟೋ ಗಂಟೆ ಉಳಿದಿದೆ.

ಎಲ್‌ಡಿ ಎಂದು ಬಂದರೆ ಲಿಂಕರ್. ಗ್ನೂನ ಹಳೆಯ ಲಿಂಕರ್ ಬಹುಮಟ್ಟಿಗೆ ಒಂದೇ ಥ್ರೆಡ್‌ನದು. ಎಲ್‌ಎಲ್‌ಡಿ ಅಥವಾ ಮೋಲ್ಡ್ ಹಾಕಿ ನೋಡಿ, ಇವು ಲಿಂಕ್ ಕೆಲಸವನ್ನೇ ಕೋರ್‌ಗಳಿಗೆ ಹಂಚುತ್ತವೆ. ಎಲ್‌ಟಿಒ (ಲಿಂಕ್ ಹಂತದಲ್ಲೂ ಕೋಡ್ ಚುರುಕಾಗಿಸುವ ಆಯ್ಕೆ) ಹಾಕಿದ್ದರೆ ಜಿಸಿಸಿಗೆ -ಎಫ್‌ಎಲ್‌ಟಿಒ=ಆಟೋ ಎಂದು ಕೊಡಿ. ಸಿಸಿ1ಪ್ಲಸ್ ಎಂದು ಬಂದು ಯಾವುದೋ ಯಂತ್ರವೇ ಬರೆದ ದೈತ್ಯ ಸಿ++ ಫೈಲ್ ಕಂಡರೆ ಅದನ್ನು ಒಡೆಯಬೇಕು, ಇಲ್ಲವೇ ಮೊದಲೇ ಶುರುವಾಗುವಂತೆ ಮಾಡಬೇಕು. ಮೇಕ್‌ನಂಥದೇ ಸಾಧನವಾದ ನಿಂಜಾ 1.12ರಿಂದ ಹಿಂದಿನ ಬಿಲ್ಡ್‌ನ ಸಮಯ ನೋಡಿಕೊಂಡು ಉದ್ದದ ಸರಪಳಿಯನ್ನು ತಾನೇ ಮೊದಲು ಎತ್ತಿಕೊಳ್ಳುತ್ತದೆ. ಬಿಲ್ಡ್ ಫೋಲ್ಡರ್‌ನ .ನಿಂಜಾ_ಲಾಗ್ ಫೈಲ್‌ನಲ್ಲಿ ಪ್ರತಿ ಕೆಲಸದ ಆರಂಭ, ಅಂತ್ಯ ಮಿಲಿಸೆಕೆಂಡಿನಲ್ಲಿ ಇರುತ್ತದೆ. ಒಂದರಿಂದ ಇನ್ನೊಂದನ್ನು ಕಳೆದು ದೊಡ್ಡದರಿಂದ ಜೋಡಿಸಿದರೆ ಅಪರಾಧಿ ಮೊದಲ ಐದು ಸಾಲಿನಲ್ಲೇ ಇರುತ್ತಾನೆ.

ಈ ಬಾಲ ಎಷ್ಟು ದುಬಾರಿ ಎಂದು ಲೆಕ್ಕ ಹಾಕಿ. ಒಟ್ಟು 80 ನಿಮಿಷದ ಕೆಲಸದಲ್ಲಿ 4 ನಿಮಿಷದ ಲಿಂಕ್ ಒಂದೇ ಕೋರ್‌ನದು ಎನ್ನೋಣ. ಹದಿನಾರು ಕೋರ್ ಉಳಿದ 76ನ್ನು 4.75 ನಿಮಿಷದಲ್ಲಿ ಮುಗಿಸುತ್ತವೆ, ಆಮೇಲೆ ಲಿಂಕ್ 4. ಹೆಚ್ಚುಕಡಿಮೆ ಅರ್ಧ ಹೊತ್ತು ಹದಿನೈದು ಕೋರ್ ಖಾಲಿ. ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲೇ ತೋರಿಸಿದ ಲೆಕ್ಕ ಇದೇ. ಇಲ್ಲಿ ಇನ್ನೂ ಹೆಚ್ಚು ಕೋರ್‌ನ ಮಷಿನ್ ಕೊಳ್ಳುವುದಕ್ಕಿಂತ ಲಿಂಕರ್ ಬದಲಿಸುವುದು ಜಾಣತನ.

ಎಲ್‌ಎಲ್‌ವಿಎಂನಂಥ ದೊಡ್ಡ ಬಿಲ್ಡ್‌ನಲ್ಲಿ ಇದರ ತದ್ವಿರುದ್ಧವೂ ಆಗುತ್ತದೆ. ಡೀಬಗ್ ಮಾಹಿತಿ ಸಹಿತ ಒಂದೊಂದು ಲಿಂಕ್ ಹಲವು ಜಿಬಿ ಮೆಮೊರಿ ನುಂಗುತ್ತದೆ. ಹತ್ತು ಒಟ್ಟಿಗೆ ಶುರುವಾದರೆ ಸ್ವಾಪ್, ಅಂದರೆ ಮೆಮೊರಿ ಸಾಲದೆ ಡಿಸ್ಕ್ ಬಳಸುವುದು, ಶುರು. ವಿಎಂಸ್ಟ್ಯಾಟ್‌ನ ಎಸ್‌ಐ, ಎಸ್‌ಒ ಕಾಲಂಗಳಲ್ಲಿ ಸೊನ್ನೆ ಹೋಗಿ ದೊಡ್ಡ ಸಂಖ್ಯೆಗಳು ಬರುತ್ತವೆ, ಲೋಡ್ ಮುಗಿಲಿಗೇರುತ್ತದೆ, ಕೋರ್‌ಗಳು ಮಾತ್ರ ಖಾಲಿ. ಇಲ್ಲಿ ಎಲ್‌ಎಲ್‌ವಿಎಂ_ಪ್ಯಾರಲಲ್_ಲಿಂಕ್_ಜಾಬ್ಸ್=2 ಎಂದು ಕೊಟ್ಟರೆ ಕಂಪೈಲ್ ಹದಿನಾರರಲ್ಲೇ ನಡೆದು ಲಿಂಕ್ ಮಾತ್ರ ಎರಡಕ್ಕೆ ನಿಲ್ಲುತ್ತದೆ. ಬೇರೆ ಪ್ರಾಜೆಕ್ಟ್‌ಗಳಿಗೆ ಸಿಮೇಕ್‌ನ ಜಾಬ್ ಪೂಲ್‌ಗಳು ಇದೇ ಕೆಲಸ ಮಾಡುತ್ತವೆ, ನಿಂಜಾ ಜೊತೆ ಬಳಸಿದರೆ.

ಇವನ್ನು ತಪ್ಪು ಎಂದುಕೊಳ್ಳಬೇಡಿ

ಎಂಟು ಕೋರ್, ಹದಿನಾರು ಥ್ರೆಡ್‌ನ ರೈಜನ್ 7 5700ಎಕ್ಸ್‌ನಲ್ಲಿ ಜೆ8 ಕೊಟ್ಟರೆ ಅರ್ಧ ಪಟ್ಟಿ ಖಾಲಿ ಇರುವುದೇ ಸರಿ. ಒಂದು ಕೋರ್‌ನ ಎರಡು ಥ್ರೆಡ್ ತುಂಬುವ ಮೊದಲು ಶೆಡ್ಯೂಲರ್ ಖಾಲಿ ಕೋರ್ ಹುಡುಕುತ್ತದೆ. ನನ್ನ ಲ್ಯಾಪ್‌ಟಾಪ್ ಇಂಟೆಲ್ ಐ7-1260ಪಿ. ನಾಲ್ಕು ವೇಗದ ಪಿ-ಕೋರ್, ವಿದ್ಯುತ್ ಉಳಿಸುವ ಎಂಟು ಇ-ಕೋರ್, ಒಟ್ಟು ಹದಿನಾರು ಥ್ರೆಡ್. ಅಲ್ಲಿ ಒಂದೇ ಫೈಲ್ ಇ-ಕೋರ್ ಮೇಲೆ ಬಿದ್ದರೆ ಹೆಚ್ಚು ಹೊತ್ತು ಹಿಡಿಯುತ್ತದೆ, ಪಟ್ಟಿ ಮಾತ್ರ ಎರಡೂ ಕಡೆ ಶೇ 100 ಎನ್ನುತ್ತದೆ. ಎಲ್‌ಎಸ್‌ಸಿಪಿಯು -ಇ ಹೊಡೆದರೆ ಯಾವ ಸಂಖ್ಯೆ ಯಾವ ಕೋರ್‌ನದು, ಅದರ ಗರಿಷ್ಠ ವೇಗ ಎಷ್ಟು ಎಂದು ಕಾಣುತ್ತದೆ. ಕರ್ನಲ್ ಬಿಲ್ಡ್‌ನ ಕೊನೆಯಲ್ಲಿ ವಿಎಂಲಿನಕ್ಸ್ ಲಿಂಕ್, ಚಿಹ್ನೆಗಳ ಪಟ್ಟಿ ಮಾಡುವ ಹಂತ, ಬಿಟಿಎಫ್ (ಕರ್ನಲ್‌ನ ಟೈಪ್ ಮಾಹಿತಿ) ಇವೆಲ್ಲ ಸಾಲಾಗಿಯೇ ನಡೆಯುತ್ತವೆ. ಬಿಟಿಎಫ್ ನಿಮಗೆ ಬೇಡದಿದ್ದರೆ ಸಂರಚನೆಯಲ್ಲಿ ತೆಗೆದುಬಿಡಿ, ಸ್ವಲ್ಪ ಹೊತ್ತು ಉಳಿಯುತ್ತದೆ.

ಅವಲಂಬನೆಗಳನ್ನೆಲ್ಲ ಬರೆದು ಮುಗಿಸಿದ ಮರುದಿನ ಹುಡುಗ ಅಳೆದು ಹೇಳಿದ: ರಿಯಲ್ 18 ನಿಮಿಷ, ಯೂಸರ್ ಸಿಸ್ ಸೇರಿ 240. "ಅಕ್ಕಾ, ಕೆಲಸ ಅಷ್ಟೇ ಇದೆ, 152 ಇದ್ದದ್ದು 240 ಹೇಗಾಯ್ತು?" ಎಂದು ಕೇಳಿದ. ಆ ಪ್ರಶ್ನೆ ಕೇಳಿ ನನಗೆ ಬಹಳ ಸಂತೋಷವಾಯಿತು. ಮೊದಲು ನಾಲ್ಕು ಕೆಲಸಕ್ಕೆ ನಾಲ್ಕು ಪೂರ್ತಿ ಕೋರ್ ಸಿಕ್ಕಿತ್ತು. ಈಗ ಎರಡು ಥ್ರೆಡ್ ಒಂದೇ ಕೋರನ್ನು ಹಂಚಿಕೊಳ್ಳುವುದರಿಂದ ಒಂದೊಂದು ಕೆಲಸ ನಿಧಾನ, ಒಟ್ಟು ಬೇಗ. 240ನ್ನು 18ರಿಂದ ಭಾಗಿಸಿದರೆ 13.3. ಉಳಿದ ಭಾಗ ಇಮೇಜ್ ಕಟ್ಟುವ ಕೊನೆಯ ಹಂತದ್ದು, ಅದು ಒಂದೇ ಕೋರ್‌ನಲ್ಲಿ ಓಡುವ ಕಂಪ್ರೆಷನ್ ಎಂದು ಎಫ್5 ಒತ್ತಿ ಅವನೇ ಕಂಡುಹಿಡಿದಿದ್ದ. ಅದಕ್ಕೆ, ಕಂಪ್ರೆಸ್ ಮಾಡುವ ಎಕ್ಸ್‌ಝಡ್‌ಗೆ ಎಲ್ಲ ಕೋರ್ ಬಳಸು ಎನ್ನುವ -ಟಿ0 ಆಯ್ಕೆ ಸಾಕು ಎಂದೆ. ಅಷ್ಟು ಹೊತ್ತಿಗೆ ಅವನು ಅದನ್ನು ಹಾಕಿ ಬಿಲ್ಡ್ ಶುರು ಮಾಡಿಯೂ ಆಗಿತ್ತು.